ಮೊದಲ ಬೆಳಕು ಯಾರದು?

ಕಪ್ಪು ಪರದೆ ಸರಿಸಿ ಒಳಗೆ ಕಾಲಿಟ್ಟ ದಿವ್ಯಶ್ರೀ ಅಲ್ಲೇ ನಿಂತುಬಿಟ್ಟಳು.

ಅವಳ ಸ್ಟೂಲಿನ ಮೇಲೆ ಬೇರೆ ಯಾರೋ ಕೂತಿದ್ದಾರೆ!

ಕತ್ತಲ ಕೋಣೆಯಲ್ಲಿ ಇದ್ದದ್ದು ಕಂಪ್ಯೂಟರಿನ ಬೆಳಕು ಮಾತ್ರ. ಆ ಬೆಳಕಿನಲ್ಲಿ ಎರಡು ಮುಖಗಳು. ಒಂದು ವಿನೋದನದು. ಇನ್ನೊಂದು ಅವಳು ಹಿಂದೆಂದೂ ನೋಡಿರದ ಹೆಣ್ಣಿನ ಮುಖ. ಎರಡೂ ಮುಖಗಳ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ.

"ಪರದೆ ಹಾಕ್ರಿ ಬೇಗ, ಬೆಳಕು ಒಳಗೆ ಬರ್ತದೆ," ಎಂದಳು ಆ ಹೆಣ್ಣು, ತಿರುಗಿಯೂ ನೋಡದೆ.

ಎಂಥಾ ಅಧಿಕಾರ! ಎರಡು ವರ್ಷದಿಂದ ಈ ಪರದೆಯನ್ನು ದಿನಾ ಎಳೆಯುತ್ತಿರುವವಳು ದಿವ್ಯಾ. ಅದರ ಯಾವ ಕೊಂಡಿ ಯಾವಾಗ ಕಳಚುತ್ತದೆ ಎಂಬುದೂ ಅವಳಿಗೆ ಗೊತ್ತು. ಅವಳಿಗೇ ಪರದೆ ಹಾಕಲು ಕಲಿಸುತ್ತಾಳಲ್ಲ ಇವಳು!

"ನೀವು ಯಾರು?" ದಿವ್ಯಾ ಕೇಳಿದಳು.

"ಅರೆ, ನೀವು ಯಾರು?" ಅವಳೂ ಕೇಳಿದಳು.

ವಿನೋದ ಗಡಬಡಿಸಿ ಎದ್ದು ನಿಂತ. "ದಿವ್ಯಾ, ಇವಳು ವೀಣಾ. ಭಟ್ಕಳದವಳು. ಧಾರವಾಡದಲ್ಲಿ ಎಂಎಸ್ಸಿಗೆ ನನ್ನ ಜೊತೆಗಿದ್ದಳು. ಈಗ ಮುಂಬೈಯಲ್ಲಿ ಬೆಳಕು ಅಳೆಯೋ ಕೆಲಸದಲ್ಲಿ ಇದ್ದಾಳೆ. ಒಂದು ತಿಂಗಳು ರಜೆ ಹಾಕಿ ನಮಗೆ ಸಹಾಯ ಮಾಡ್ಲಿಕ್ಕೆ ಬಂದಿದ್ದಾಳೆ."

"ಓಹೋ! ದಿವ್ಯಾ ಅಂದ್ರೆ ಇವರೇ?" ವೀಣಾ ಈಗ ಪೂರ್ತಿ ತಿರುಗಿದಳು. ಅಡಿಯಿಂದ ಮುಡಿಯವರೆಗೆ ನೋಡಿದಳು. "ವಿನು ಫೋನಲ್ಲಿ ಹೇಳ್ತಿದ್ದ."

ವಿನು!

ಎರಡು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿಯೂ ದಿವ್ಯಾ ಇನ್ನೂ 'ವಿನೋದ ಸರ್' ಎನ್ನುವುದರಲ್ಲೇ ಇದ್ದಳು. ಇವಳಿಗೆ ಬಂದ ದಿನವೇ ವಿನು!

"ಅದು ನನ್ನ ಸ್ಟೂಲು," ಎಂದಳು ದಿವ್ಯಾ.

ಹಾಗೆ ಹೇಳಬೇಕೆಂದಿರಲಿಲ್ಲ. ಬಾಯಿಂದ ಬಂದುಬಿಟ್ಟಿತು.

*

ಅದು ಕುಮಟಾದ ಒಂದು ಕಾಲೇಜಿನ ಭೌತಶಾಸ್ತ್ರ ಲ್ಯಾಬು. ವಿನೋದ ಅಲ್ಲಿ ಲೆಕ್ಚರರ್. ದಿವ್ಯಾ ಹೊನ್ನಾವರದಿಂದ ದಿನಾ ಬಸ್ಸಿನಲ್ಲಿ ಬರುವ ಗೆಸ್ಟ್ ಲೆಕ್ಚರರ್. ಪಾಠ ಮುಗಿದ ಮೇಲೆ ಇಬ್ಬರೂ ಸೇರುತ್ತಿದ್ದದ್ದು ಈ ಕತ್ತಲ ಕೋಣೆಯಲ್ಲಿ. ಕತ್ತಲ ಕೋಣೆ ಎಂದೊಡನೆ ಏನೇನೋ ಊಹಿಸಬೇಡಿ. ಅಲ್ಲಿ ನಡೆಯುತ್ತಿದ್ದದ್ದು ಬರೀ ಟೇಪು ಅಂಟಿಸುವುದು, ಟೇಪು ಸುಲಿಯುವುದು!

ಟಂಗ್‌ಸ್ಟನ್ ಡೈಸಲ್ಫೈಡ್ ಎಂಬ ಹರಳು. ನೋಡಲು ಪೆನ್ಸಿಲ್ ಕಡ್ಡಿಯ ಪುಡಿಯ ಹಾಗೆ ಬೂದು ಬಣ್ಣ. ಅದನ್ನು ಅಂಟುಟೇಪಿನ ನಡುವೆ ಇಟ್ಟು, ಮಡಚಿ, ಪುಸ್ತಕದ ಹಾಗೆ ಬಿಡಿಸಿದರೆ ಹರಳು ಎರಡು ಪಾಲಾಗುತ್ತದೆ. ಮತ್ತೆ ಮಡಚು, ಮತ್ತೆ ಬಿಡಿಸು. ಹೀಗೆ ಸುಲಿಯುತ್ತ ಹೋದರೆ ಅದೃಷ್ಟವಿದ್ದ ದಿನ ಒಂದೇ ಒಂದು ಪದರ ಸಿಗುತ್ತದೆ. ಕಾಗದಕ್ಕಿಂತ ಲಕ್ಷ ಪಟ್ಟು ತೆಳು!

ದಪ್ಪಗಿದ್ದಾಗ ಮಂಕಾಗಿ ಬಿದ್ದಿರುವ ಆ ಹರಳು, ಒಂದೇ ಪದರವಾದಾಗ ಬೇರೆಯೇ ಆಗಿಬಿಡುತ್ತದೆ. ಹಸಿರು ಲೇಸರ್ ಬಿದ್ದರೆ ಸಾಕು, ಕಿತ್ತಳೆಗೆಂಪು ಬೆಳಕು ಚೆಲ್ಲುತ್ತದೆ. ಆ ಪದರವನ್ನು ಎಳೆದರೆ ಬೆಳಕಿನ ಬಣ್ಣವೂ ಬದಲಾಗುತ್ತದೆ. ಬಿಟ್ಟರೆ ಮೊದಲಿನ ಬಣ್ಣಕ್ಕೇ ಮರಳುತ್ತದೆ. ಬರೀ ಎಳೆತದಿಂದ ಬೇಕಾದ ಬಣ್ಣ ಕೊಡುವ ಪುಟ್ಟ ದೀಪಗಳನ್ನು ಮುಂದೊಂದು ದಿನ ಮಾಡಬಹುದು ಎಂಬುದು ವಿನೋದನ ಕನಸು.

ಆದರೆ ಎಳೆಯುವುದು ಹೇಗೆ? ಕೈಯಲ್ಲಿ ಹಿಡಿಯಲಾಗುತ್ತದೆಯೇ ಅದನ್ನು? ಬಾಗುವ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕೂರಿಸಿ, ಸ್ಕ್ರೂ ತಿರುಗಿಸಿ ಪಟ್ಟಿಯನ್ನು ಬಗ್ಗಿಸಬೇಕು. ಪಟ್ಟಿ ಬಾಗಿದಾಗ ಮೇಲಿನ ಪದರವೂ ಹಿಗ್ಗಬೇಕು. ಅವರ ಪದರ ಮಾತ್ರ ಹಿಗ್ಗುತ್ತಿರಲಿಲ್ಲ. ಪಟ್ಟಿ ಎಷ್ಟು ಬಾಗಿದರೂ ಅದು ಜಾರಿಕೊಂಡು ತನ್ನ ಪಾಡಿಗೆ ತಾನು ಇರುತ್ತಿತ್ತು. ಬಣ್ಣ ಬದಲಾಗುವ ಮಾತೇ ಇಲ್ಲ.

'ಥೇಟ್ ಇವರ ಹಾಗೇ,' ಎಂದು ಎಷ್ಟೋ ಸಲ ಅಂದುಕೊಂಡಿದ್ದಳು ದಿವ್ಯಾ, ವಿನೋದನನ್ನು ನೋಡುತ್ತ.

ಆ ಲ್ಯಾಬಿನಲ್ಲಿ ಎರಡು ಕಟ್ಟಳೆಗಳಿದ್ದವು. ಎರಡೂ ತದಡಿಯಿಂದ ಬಂದವು. ವಿನೋದನ ಅಪ್ಪ ದಾಸ ತದಡಿ ಬಂದರಿನಲ್ಲಿ ದೋಣಿ ಇಟ್ಟುಕೊಂಡವನು. ಅವನ ದೋಣಿಯಲ್ಲಿ ಮೀನಿನ ಗುಂಪು ಕಂಡವರು ಕೂಗುವಂತಿಲ್ಲ. ಸುಮ್ಮನೆ ಕೈ ಎತ್ತಬೇಕು. ಬಲೆ ಮೇಲೆ ಬಂದ ಮೇಲೆ, ಮೊದಲ ಮೀನು ಆರಿಸುವ ಹಕ್ಕು ಕೈ ಎತ್ತಿದವರದು.

ಲ್ಯಾಬಿನಲ್ಲೂ ಅಷ್ಟೇ. ಒಂದೇ ಪದರ ಕಂಡವರು ಮಾತಾಡದೆ ಕೈ ಎತ್ತುವುದು. ಆಮೇಲೆ ಆ ಪದರದ ಮೊದಲ ಬೆಳಕು ತೆಗೆಯುವ ಹಕ್ಕು ಅವರಿಗೆ. ಬೇರೆ ಯಾರೂ ಅದಕ್ಕೆ ಲೇಸರ್ ತಾಗಿಸುವಂತಿಲ್ಲ.

ಮೊದಲ ಸಲ ದಿವ್ಯಾ ಕೈ ಎತ್ತಿದಾಗ ವಿನೋದ ಎದ್ದು ಬಂದು, ಸೂಕ್ಷ್ಮದರ್ಶಕದಲ್ಲಿ ಇಣುಕಿ, ಏನೂ ಹೇಳದೆ ನಕ್ಕಿದ್ದ. ಅಷ್ಟೇ! ಆ ಒಂದು ನಗುವಿಗಾಗಿ ಅವಳು ಎರಡು ವರ್ಷದಿಂದ ಟೇಪು ಸುಲಿಯುತ್ತಿದ್ದಳು. ಹುಚ್ಚು ಹುಡುಗಿ...

*

ವೀಣಾ ಬಂದ ಮೇಲೆ ದಿವ್ಯಾಳ ಕಿವಿಗಳು ಉದ್ದವಾದವು.

ಅವರಿಬ್ಬರೂ ನಡುನಡುವೆ ಕೊಂಕಣಿಗೆ ತಿರುಗಿ ನಗುತ್ತಿದ್ದರು. ತನಗೆ ತಿಳಿಯದಿರಲಿ ಅಂತಲೇ ಇರಬೇಕು! ಆದರೆ ಹೊನ್ನಾವರದ ಮೀನು ಮಾರ್ಕೆಟ್ಟಿನಲ್ಲಿ ಬೆಳೆದವಳಿಗೆ ಕೊಂಕಣಿ ಬಾರದೇ? ಉಸಿರು ಬಿಗಿಹಿಡಿದು ಕೇಳಿದಳು. ಅವರು ಮಾತಾಡುತ್ತಿದ್ದದ್ದು ಒಂದು ಲೆನ್ಸಿಗೆ ಹಿಡಿದ ಬೂಷ್ಟಿನ ಬಗ್ಗೆ.

'ಬೂಷ್ಟಿಗೆ ಯಾರಾದರೂ ಇಷ್ಟು ನಗುತ್ತಾರಾ?' ಅವಳಿಗೆ ಇನ್ನೂ ಸಿಟ್ಟು ಬಂತು.

ವೀಣಾ ಡಬ್ಬಿಯಿಂದ ಹುರಿದ ಸಿಗಡಿ ತೆಗೆದು ವಿನೋದನ ತಟ್ಟೆಗೆ ಹಾಕಿದಳು. ವಿನೋದ ತಿಂದ. ದಿವ್ಯಾ ಮರುದಿನ ಅಮ್ಮನಿಂದ ಬಂಗುಡೆ ಹುರಿಸಿಕೊಂಡು ತಂದಳು. ವಿನೋದ ಅದನ್ನೂ ತಿಂದ. ಎರಡಕ್ಕೂ "ಚೊಲೋ ಇದೆ" ಎಂದ. ಎರಡಕ್ಕೂ ಒಂದೇ ಮಾತು! ಯಾವುದು ಹೆಚ್ಚು ಚೊಲೋ ಎಂದು ಹೇಳಲು ಇವನ ಗಂಟೇನು ಹೋಗುತ್ತಿತ್ತು?

ಆ ಸಿಟ್ಟಿನಲ್ಲೇ ಅವಳ ಕೈ ಚುರುಕಾಯಿತು. ಶುಕ್ರವಾರ ಮಧ್ಯಾಹ್ನ ಸೂಕ್ಷ್ಮದರ್ಶಕದಲ್ಲಿ ಅದು ಕಂಡಿತು. ಇಷ್ಟು ದೊಡ್ಡ ಒಂಟಿ ಪದರವನ್ನು ಅವಳು ಇದುವರೆಗೆ ನೋಡಿರಲಿಲ್ಲ! ದೋಣಿಯ ಹಾಯಿಯಂಥ ಆಕಾರ, ಬಲಗಡೆಯ ಅಂಚಿನಲ್ಲಿ ಮಾತ್ರ ಮೀನು ಕಚ್ಚಿದ ಹಾಗೆ ಒಂದು ಗುಳಿ.

ದಿವ್ಯಾ ಕೈ ಎತ್ತಿದಳು.

ವಿನೋದ ಓಡಿ ಬಂದ. ಇಣುಕಿದ. ಅದೇ ನಗು! ಪಕ್ಕದಲ್ಲಿ ವೀಣಾ ಇದ್ದಾಳೆ ಎಂಬುದೂ ದಿವ್ಯಾಗೆ ಒಂದು ಗಳಿಗೆ ಮರೆತುಹೋಯಿತು.

"ಸರ್, ಈ ಸಲ ನಾನೊಂದು ಮಾಡಿ ನೋಡ್ತೆ," ಎಂದಳು. "ಬಲೆ ಹೊಲಿಯುವಾಗ ಎರಡೂ ತುದಿ ಕಟ್ಟಿಕೊಳ್ತಾರಲ್ಲ, ಹಾಗೆ ಇದರ ಅಂಚಿಗೆಲ್ಲ ತೆಳುವಾಗಿ ಅಂಟು ದ್ರಾವಣ ಕೂರಿಸ್ತೆ. ಅಂಚು ಹಿಡಿದುಕೊಂಡ್ರೆ ಮತ್ತೆ ಹೇಗೆ ಜಾರ್ತದೆ ನೋಡುವಾ!"

"ಹಿಡಿದುಕೊಂಡ್ರೆ ಹರಿಯಲೂಬಹುದು," ಎಂದಳು ವೀಣಾ.

ಅವಳು ಹೇಳಿದ್ದು ಸರಿಯೇ. ಆದರೆ ಅವಳು ಹೇಳಿದ್ದಲ್ಲವೇ? ದಿವ್ಯಾ ಕಿವಿಗೆ ಹಾಕಿಕೊಳ್ಳಲಿಲ್ಲ. ಪದರವನ್ನು ಪಟ್ಟಿಗೆ ಇಳಿಸಿ ಅಂಚಿಗೆ ದ್ರಾವಣ ಕೂರಿಸಿದಳು. ಕೆಲಸ ಮುಗಿದ ಟೇಪನ್ನು ಕಸದ ಡಬ್ಬಿಗೆ ಎಸೆದಳು.

ಪಟ್ಟಿ ಒಣಗಲು ಇಟ್ಟ ಹೊತ್ತಿಗೆ ಫೋನ್ ಬಂತು. ಅಮ್ಮ ಮಂಗಲಾ ಮಾರ್ಕೆಟ್ಟಿನಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಿದ್ದಳು. ಅಪ್ಪ ಸಮುದ್ರದ ಮೇಲೆ. ದಿವ್ಯಾ ಕೆಲವು ದಿನ ಮನೆಯಲ್ಲೇ ಇರಬೇಕಾಯಿತು.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು. "ಸರ್... ಅದರ ಮೊದಲ ಬೆಳಕು?"

"ನಿಮ್ಮದೇ. ನೀವು ಬರೋ ತನಕ ಯಾರೂ ಮುಟ್ಟೂದಿಲ್ಲ," ಎಂದ ವಿನೋದ. "ಹೋಗಿ, ಅಮ್ಮನ್ನ ನೋಡ್ಕೊಳ್ಳಿ."

*

"ಎಂತ ಆತೆ ನಿಂಗೆ? ಆವಾಗಿಂದ ಮೊಬೈಲ್ ನೋಡೂದೇ ಆತು," ಮಂಗಲಾ ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಗದರಿದಳು.

"ಎಂತದೂ ಇಲ್ಲ ಅಮ್ಮ."

ಮೊಬೈಲಿನಲ್ಲಿ ವೀಣಾಳ ಸ್ಟೇಟಸ್ ಇತ್ತು. ಅಪ್ಸರಕೊಂಡದ ಸಮುದ್ರ ದಂಡೆ. ಕಾಲೇಜಿನವರೆಲ್ಲ ಭಾನುವಾರ ಹೋಗಿದ್ದರಂತೆ. ಫೋಟೋದಲ್ಲಿ ಹತ್ತಾರು ಜನ ಇದ್ದರು. ದಿವ್ಯಾಗೆ ಕಂಡದ್ದು ಇಬ್ಬರು. ಬೆರಳಿನಿಂದ ಹಿಗ್ಗಿಸಿ ನೋಡಿದಳು. ವಿನೋದನ ಭುಜಕ್ಕೂ ವೀಣಾಳ ಭುಜಕ್ಕೂ ನಡುವೆ ಸಮುದ್ರ ಕಾಣುತ್ತದೆಯೋ ಇಲ್ಲವೋ? ಸ್ವಲ್ಪ ಕಾಣುತ್ತಿತ್ತು. ಬಹಳ ಸ್ವಲ್ಪ!

'ಅವರು ನನಗೆ ಯಾರು? ಯಾರೂ ಅಲ್ಲ. ಒಂದು ಮಾತು ಹೇಳಿದ್ದಾರಾ? ಇಲ್ಲ. ನಾನು ಹೇಳಿದ್ದೇನಾ? ಅದೂ ಇಲ್ಲ. ಮತ್ತೆ ಯಾಕೆ ಹೊಟ್ಟೆಯಲ್ಲಿ ಈ ಉರಿ?'

"ಕೇಳೆ ಇಲ್ಲಿ," ಅಮ್ಮ ದನಿ ಇಳಿಸಿದಳು. "ಭಟ್ಕಳದ ರಾಜೀವನ ಮನೆಯವರು ಬರುವ ಭಾನುವಾರ ಬರ್ತೆವು ಅಂತಿದ್ದಾರೆ. ಹುಡುಗ ಒಳ್ಳೆಯವ. ಸ್ವಂತ ಬೋಟಿದೆ. ನೀನು ಆತು ಅಂದ್ರೆ ನಾನು ಬರ್ಲಿಕ್ಕೆ ಹೇಳ್ತೆ."

"ನೋಡುವಾ ಅಮ್ಮ."

"ಎರಡು ವರ್ಷದಿಂದ ನೋಡುವಾ ನೋಡುವಾ! ಎಂತ ನೋಡೂದು ಮಗಾ ನೀನು? ಯಾರಾದ್ರೂ ಇದ್ದಾರನಾ? ಇದ್ರೆ ಹೇಳು, ನಾನೇನು ಹುಲಿಯಾ?"

ಇದ್ದಾರೆ ಎನ್ನಲು ಬಾಯಿಯವರೆಗೆ ಬಂತು. ಆದರೆ ಏನೆಂದು ಹೇಳುವುದು? ನಾನು ಕೈ ಎತ್ತಿದಾಗ ಒಬ್ಬರು ನಗುತ್ತಾರೆ ಎಂದೇ?

ದಿವ್ಯಾ ಎಣ್ಣೆ ತಿಕ್ಕಿದಳು. ತುಸು ಜೋರಾಗಿಯೇ ತಿಕ್ಕಿದಳೆಂದು ಕಾಣುತ್ತದೆ, ಮಂಗಲಾ ಅಯ್ಯಯ್ಯೋ ಎಂದು ಕಿರುಚಿದಳು.

*

ಗುರುವಾರ ಬೆಳಿಗ್ಗೆ ಅಮ್ಮ ನಡೆದಾಡುವಂತಾದಳು. ದಿವ್ಯಾ ಯಾರಿಗೂ ತಿಳಿಸದೆ ಮಧ್ಯಾಹ್ನದ ಬಸ್ಸು ಹತ್ತಿ ಕುಮಟಾಕ್ಕೆ ಬಂದಳು. ತಿಳಿಸಿ ಬರಬಹುದಿತ್ತು. ಆದರೆ ತಿಳಿಸದೆ ಹೋದರೆ ಏನು ಕಾಣುತ್ತದೆ ಎಂದು ನೋಡುವ ಆಸೆ, ಈ ಹೊಟ್ಟೆಕಿಚ್ಚಿನವರಿಗೆ ಇದ್ದೇ ಇರುತ್ತದೆ.

ಕಂಡಿತು.

ಲ್ಯಾಬಿನ ಹೊರಕೋಣೆಯಲ್ಲಿ ಯಾರೂ ಇರಲಿಲ್ಲ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಒಂದು ಚಿತ್ರ ತೆರೆದಿತ್ತು. ದೋಣಿಯ ಹಾಯಿಯಂಥ ಆಕಾರ. ಅಂಚಿನಲ್ಲಿ ಕಚ್ಚಿದ ಗುಳಿ! ಅದರ ಪಕ್ಕದಲ್ಲೇ ಬೆಳಕಿನ ಬಣ್ಣ ತೋರಿಸುವ ಗೆರೆ, ಎತ್ತರಕ್ಕೆ ಏರಿ ಇಳಿದದ್ದು.

ತನ್ನ ಪದರಕ್ಕೆ ಯಾರೋ ಲೇಸರ್ ತಾಗಿಸಿದ್ದಾರೆ...

"ಅರೆ, ನೀವು ಯಾವಾಗ ಬಂದ್ರಿ? ಅಮ್ಮ ಹೇಗಿದ್ದಾರೆ?" ವೀಣಾ ಒಳಗೆ ಬಂದಳು. ಕೈಯಲ್ಲಿ ಸ್ಪ್ಯಾನರ್ ಇತ್ತು.

"ಇದರ ಮೊದಲ ಬೆಳಕು ಯಾರು ತೆಗೆದದ್ದು?" ದಿವ್ಯಾಳ ದನಿ ಅವಳಿಗೇ ಬೇರೆಯಾಗಿ ಕೇಳಿಸಿತು.

"ಅದಾ? ನಾನೇ. ವಿನೂನೇ ನೀನು ತೆಗಿ ಅಂದ. ನಿನ್ನೆ ಇಡೀ ದಿನ ಅದರಲ್ಲೇ ಹೋಯ್ತು. ನಿಮಗೆ ಹೇಳೂದು ಬಹಳ ಉಂಟು..." ಅಷ್ಟರಲ್ಲಿ ಕೆಳಗಿನಿಂದ ವಿನೋದ ಕೂಗಿದ್ದಕ್ಕೆ ವೀಣಾ ಮಾತು ನಿಲ್ಲಿಸಿ ಬಾಗಿಲಿಗೆ ತಿರುಗಿದಳು. "ತಡಿರಿ, ನೈಟ್ರೋಜನ್ ಸಿಲಿಂಡರ್ ಬಂದಿದೆ. ಅವನೊಬ್ಬನೇ ಒದ್ದಾಡ್ತಿದ್ದಾನೆ." ವೀಣಾ ಮೆಟ್ಟಿಲು ಇಳಿದು ಹೋದಳು.

ವಿನೂನೇ ನೀನು ತೆಗಿ ಅಂದ...

ಸಿಗಡಿ ಕೊಡಲಿ, ಕೊಂಕಣಿ ಆಡಲಿ, ಅಪ್ಸರಕೊಂಡಕ್ಕೆ ಹೋಗಲಿ! ಅದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ಆದರೆ ಇದು? ಆ ಲ್ಯಾಬಿನಲ್ಲಿ ಅವಳದು ಎಂದು ಇದ್ದದ್ದು ಇದೊಂದೇ. ಅದನ್ನೂ ಎತ್ತಿ ಕೊಟ್ಟುಬಿಟ್ಟನಲ್ಲ!

ಫೋನ್ ತೆಗೆದಳು.

"ಅಮ್ಮ, ರಾಜೀವನ ಮನೆಯವರಿಗೆ ಬರ್ಲಿಕ್ಕೆ ಹೇಳು."

"ಹೌದನಾ? ನಿಜವಾಗ್ಲೂ?"

"ಹೂಂ. ಆತು."

ಫೋನ್ ಇಟ್ಟಾಗ ಕಣ್ಣು ತುಂಬಿತ್ತು. ಅತ್ತು ಸುಮ್ಮನಾಗುವ ಹುಡುಗಿಯಾಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ದಿವ್ಯಾ ಹಾಗಲ್ಲ. ಅವಳು ಕಪಾಟು ತೆರೆದಳು. ತೇವ ತಾಗದ ಒಣಡಬ್ಬಿಯಲ್ಲಿ ತಾನೇ ಸಿದ್ಧ ಮಾಡಿಟ್ಟ ಪ್ಲಾಸ್ಟಿಕ್ ಪಟ್ಟಿ ಇತ್ತು. ಅದನ್ನು ಎತ್ತಿಕೊಂಡು ಕತ್ತಲ ಕೋಣೆಗೆ ಹೋಗಿ ಪರದೆ ಎಳೆದಳು.

'ನನಗೆ ಉಳಿಯದ್ದು ಅವಳಿಗೂ ಬೇಡ. ಹರಿದು ಹೋಗಲಿ! ಹರಿಯೋದನ್ನು ಕಣ್ಣಾರೆ ನೋಡ್ತೇನೆ.'

ವರ್ಷಗಟ್ಟಲೆ ಹುಡುಕಿದರೂ ಮತ್ತೆ ಸಿಗದ ಪದರ ಅದು. ಅದು ಹೋದರೆ ವಿನೋದನ ಕನಸೂ ಹೋಗುತ್ತಿತ್ತು, ಅವಳದೂ. ಅಷ್ಟು ತಿಳಿದೂ ಅವಳ ಬೆರಳುಗಳು ಪಟ್ಟಿಯನ್ನು ಹಿಡಿಕೆಗೆ ಸಿಕ್ಕಿಸಿದವು. ಲೇಸರ್ ಹಾಕಿದಳು.

ಕಂಪ್ಯೂಟರಿನಲ್ಲಿ ಪದರ ಬೆಳಗಿತು. ಕಿತ್ತಳೆಗೆಂಪು.

ಅವಳು ಸ್ಕ್ರೂ ತಿರುಗಿಸಿದಳು. ಪಟ್ಟಿ ಬಾಗಿತು. ಬೆಳಕು ಹಾಗೆಯೇ ಇತ್ತು.

ಇನ್ನೊಂದಿಷ್ಟು ತಿರುಗಿಸಿದಳು.

ಬೆಳಕಿನ ಗೆರೆ ಅಲುಗಿತು!

ದಿವ್ಯಾ ಕಂಪ್ಯೂಟರಿಗೆ ಮುಖ ಹತ್ತಿರ ತಂದಳು. ಗೆರೆಯ ತುದಿ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತಿತ್ತು. ಕಿತ್ತಳೆ ಬಣ್ಣ ಇಳಿಯಿತು, ಕೆಂಪು ಏರಿತು. ಮುರುಗಲು ಹಣ್ಣು ಮಾಗಿದ ಹಾಗೆ ಪದರ ಕೆಂಪಾಗುತ್ತ ಬಂತು. ಅಂಚು ಹಿಡಿದುಕೊಂಡಿದೆ! ಜಾರುತ್ತಿಲ್ಲ! ಎರಡು ವರ್ಷದಲ್ಲಿ ಆಗದ್ದು ಅವಳ ಬೆರಳ ತುದಿಯಲ್ಲಿ ಆಗುತ್ತಿತ್ತು.

ಒಂದು ಕ್ಷಣ ಸಿಟ್ಟೂ ಇಲ್ಲ, ವೀಣಾಳೂ ಇಲ್ಲ. ಕೆಂಪು ಬೆಳಕು ಮಾತ್ರ.

ಮರುಕ್ಷಣವೇ ಹೊಟ್ಟೆಯ ಉರಿ ಮತ್ತೆ ಎದ್ದಿತು. 'ಅವಳು ನಿನ್ನೆಯೇ ಇದನ್ನು ನೋಡಿದ್ದಾಳೆ. ಇವರ ಪಕ್ಕದಲ್ಲಿ ಕೂತು... ನನ್ನ ಸ್ಟೂಲಿನ ಮೇಲೆ!'

ಸ್ಕ್ರೂ ಮತ್ತೆ ತಿರುಗಿತು. ಕೆಂಪು ಇನ್ನೂ ಗಾಢವಾಯಿತು. ಈಗ ಬೆಳಕು ಮಂಕಾಗತೊಡಗಿತ್ತು. ಇನ್ನೊಂದು ತಿರುವು ಸಾಕು...

ಆಗ ಅವಳ ಕಣ್ಣು ಆ ಗುಳಿಯ ಮೇಲೆ ಬಿತ್ತು.

ಬಲಗಡೆಗೆ ಇತ್ತು.

ಬಲಗಡೆಗೇ ತಾನೇ ಇರಬೇಕಾದದ್ದು? ಆದರೆ ಹೊರಗಿನ ಚಿತ್ರದಲ್ಲಿ... ಹೊರಗಿನ ಚಿತ್ರದಲ್ಲಿ ಗುಳಿ ಎಡಗಡೆಗೆ ಇತ್ತು!

ತಿರುಗಿಸಿ ಇಟ್ಟು ತೆಗೆದಿರಬಹುದೇ? ಮನಸ್ಸಿನಲ್ಲೇ ಚಿತ್ರವನ್ನು ಸುತ್ತಿಸಿ ನೋಡಿದಳು. ಹೇಗೆ ಸುತ್ತಿಸಿದರೂ ಒಂದರ ಮೇಲೊಂದು ಕೂರುತ್ತಿರಲಿಲ್ಲ. ಎಡಗೈಯನ್ನು ಎಷ್ಟು ಸುತ್ತಿಸಿದರೆ ಬಲಗೈ ಆದೀತು?

ಎಡಗೈ, ಬಲಗೈ...

ಟೇಪು! ಮಡಚಿ ಬಿಡಿಸಿದಾಗ ಹರಳು ಎರಡು ಪಾಲಾಗುತ್ತದೆ. ಒಂದು ಪಾಲು ಅವಳು ತೆಗೆದುಕೊಂಡಿದ್ದಳು. ಅದರ ಎದುರಿನ ಪಾಲು, ಎಡಬಲ ಅದಲುಬದಲಾದದ್ದು, ಟೇಪಿನಲ್ಲೇ ಉಳಿದಿತ್ತು. ಆ ಟೇಪನ್ನು ತಾನೇ ಕಸದ ಡಬ್ಬಿಗೆ ಎಸೆದಿದ್ದಳು.

ವೀಣಾ ಬೆಳಕು ತೆಗೆದದ್ದು ಅದರಿಂದ. ಇದರ ಅವಳಿ ಪದರದಿಂದ.

ಇದನ್ನು ಯಾರೂ ಮುಟ್ಟಿರಲಿಲ್ಲ. ಈಗ ತಾನೇ ಬಂದದ್ದೇ ಇದರ ಮೊದಲ ಬೆಳಕು. ಸಾವಿರಾರು ತುಣುಕುಗಳಲ್ಲಿ ಒಂದೊಂದರ ಮುಖವನ್ನೂ ಗುರುತಿಡುವವಳು ಎಡ ಯಾವುದು ಬಲ ಯಾವುದು ಎಂದು ನೋಡದೆ ಹೋಗಿದ್ದಳು!

ಅವಳ ಬೆರಳುಗಳು ಇನ್ನೂ ಸ್ಕ್ರೂ ಮೇಲೆಯೇ ಇದ್ದವು.

"ಸಾಕು ದಿವ್ಯಾ," ಹಿಂದಿನಿಂದ ವಿನೋದನ ದನಿ ಬಂತು. "ಇನ್ನು ತಿರುಗಿಸಬೇಡಿ. ಇದರ ಅವಳಿ ಇಷ್ಟಕ್ಕೇ ಹರಿದದ್ದು."

*

ಅವನು ಪರದೆಯ ಒಳಗೆ ಗೋಡೆಗೆ ಒರಗಿ ನಿಂತಿದ್ದ. ಯಾವಾಗ ಬಂದನೋ!

"ಸರ್... ನಾನು..." ಅವಳಿಗೆ ಬಿಕ್ಕು ಬಂತು. "ನಾನು ಇದನ್ನು ಹರಿದು ಹಾಕ್ಲಿಕ್ಕೇ ಕೂತಿದ್ದೆ."

"ಗೊತ್ತಾಯ್ತು."

"ಗೊತ್ತಾಗಿಯೂ ಸುಮ್ಮನೆ ನಿಂತ್ರಾ? ಕೈ ಹಿಡಿದು ನಿಲ್ಲಿಸಬಾರದಿತ್ತಾ?"

"ಹುಡುಕಿದವರು ನೀವು. ಹರಿಯೋದಿದ್ರೂ ನಿಮ್ಮ ಕೈಯಲ್ಲೇ ಹರೀಲಿ ಅನ್ನಿಸ್ತು." ವಿನೋದ ಹತ್ತಿರ ಬಂದ. "ನೀವು ಹೋದ ಮೇಲೆ ಡಬ್ಬಿಯಿಂದ ಆ ಟೇಪು ಹೆಕ್ಕಿ ತೆಗೆದೆ. ನಿಮ್ಮ ಹಾಗೇ ಅಂಚಿಗೆ ಅಂಟು ಕೂರಿಸಿ, ಎಷ್ಟು ಎಳೆದ್ರೆ ಹರೀತದೆ ಅಂತ ಅವಳಿಯಲ್ಲಿ ನೋಡಿಕೊಂಡ್ರೆ, ನಿಮ್ಮದು ಉಳೀತದಲ್ಲ. ಟೇಪಿನಲ್ಲಿ ಆ ಅವಳಿ ಪದರ ಕಂಡು ಕೈ ಎತ್ತಿದ್ದು ವೀಣಾ. ಅದಕ್ಕೇ ಅದರ ಮೊದಲ ಬೆಳಕು ವೀಣಾಳದು."

"ಒಂದು ಫೋನ್ ಮಾಡಿ ಹೇಳ್ಬಾರದಿತ್ತಾ ಸರ್?"

"ಮಾಡಿದ್ದೆ. ಮೊನ್ನೆ. ನಿಮ್ಮಮ್ಮ ಎತ್ತಿದ್ರು. ನೀವು ಬಾವಿಕಟ್ಟೆಯಲ್ಲಿದ್ರಂತೆ." ಅವನು ನೆಲ ನೋಡಿದ. "ಭಾನುವಾರ ಭಟ್ಕಳದಿಂದ ಹುಡುಗನ ಕಡೆಯವರು ಬರಬಹುದು ಅಂದ್ರು. ಆಮೇಲೆ ಎಂತ ಮಾತಾಡೂದು ಅಂತ ತಿಳೀಲಿಲ್ಲ. ಇಟ್ಟುಬಿಟ್ಟೆ."

ದಿವ್ಯಾ ಕಣ್ಣೊರೆಸಿಕೊಂಡು ಅವನ ಮುಖ ನೋಡಿದಳು. ಆ ಕೆಂಪು ಬೆಳಕಿನಲ್ಲಿಯೂ ಕಾಣುತ್ತಿತ್ತು. ನಿದ್ದೆಗೆಟ್ಟ ಕಣ್ಣು, ಬೋಳಿಸದ ಗಡ್ಡ.

ಅಯ್ಯೋ! ಇವರಿಗೂ ಅದೇ ಉರಿಯಾ?

"ಅವನದ್ದು ಸ್ವಂತ ಬೋಟಂತೆ?" ವಿನೋದ ಕೇಳಿದ. ಕೇಳಬಾರದೆಂದುಕೊಂಡೂ ಕೇಳಿಬಿಟ್ಟ ದನಿ.

ದಿವ್ಯಾಗೆ ಅಳುವಿನ ನಡುವೆಯೇ ನಗು ಬಂತು. ಎಷ್ಟು ಹಿತವಾಗಿತ್ತು, ಇನ್ನೊಬ್ಬರ ಹೊಟ್ಟೆಕಿಚ್ಚು ನೋಡುವುದು!

ಪರದೆ ಸರ್ರೆಂದು ಸರಿಯಿತು. ವೀಣಾ ನಿಂತಿದ್ದಳು. ದಿವ್ಯಾಳ ಕೆನ್ನೆಯ ಮೇಲಿನ ನೀರನ್ನು, ವಿನೋದನ ತಗ್ಗಿದ ತಲೆಯನ್ನು, ಕಂಪ್ಯೂಟರಿನ ಕೆಂಪನ್ನು ಒಂದೊಂದಾಗಿ ನೋಡಿದಳು.

"ಪರದೆ ಹಾಕ್ರಿ, ಬೆಳಕು ಒಳಗೆ ಬರ್ತದೆ," ಎಂದಳು ದಿವ್ಯಾ.

ವೀಣಾ ನಕ್ಕಳು. ಆ ನಗುವಿನಲ್ಲಿ ಸಂತೋಷ ಪೂರ್ತಿ ಇರಲಿಲ್ಲ.

"ಒಂದು ಮಾತು ಹೇಳಿ ಹೋಗ್ತೇನೆ. ಹೋದ ವರ್ಷ ನಾನೇ ಬಾಯಿ ಬಿಟ್ಟು, ಮದುವೆ ಆಗ್ತೀಯಾ ಅಂತ ಇವನನ್ನ ಕೇಳಿದ್ದೆ. ಆಗೂದಿಲ್ಲ ಅಂದ. ಎಂತಕ್ಕೆ ಅಂತ ಹೇಳ್ಲಿಲ್ಲ. ಅದನ್ನ ನೋಡ್ಲಿಕ್ಕೇ ನಾನು ರಜೆ ಹಾಕಿ ಬಂದದ್ದು." ಅವಳು ದಿವ್ಯಾಳ ಕಡೆ ತಿರುಗಿದಳು. "ಬಂದ ದಿನ ಸ್ಟೂಲು ನನ್ನದು ಅಂದ್ರಲ್ಲ, ಆಗಲೇ ಗೊತ್ತಾತು. ನಿಮ್ಮ ಮೇಲೆ ನನಗೂ ಕಡಿಮೆ ಸಿಟ್ಟು ಬರ್ಲಿಲ್ಲ ಮಾರಾಯ್ತಿ. ಆದ್ರೂ ನಿಮ್ಮ ಪದರ ಉಳೀಲಿ ಅಂತ ನಿನ್ನೆ ಇಡೀ ದಿನ ಕೂತೆ. ಇವ ಬಾಯಿ ಬಿಡೂದಿಲ್ಲ. ನೀವೇ ಬಿಡಿಸ್ಕೊಳ್ಳಿ."

ಪರದೆ ಮತ್ತೆ ಬಿತ್ತು. ಮೆಟ್ಟಿಲಿಳಿಯುವ ಸದ್ದು ದೂರವಾಯಿತು. ಇಷ್ಟು ದಿನ ಯಾರ ಹೆಸರು ಕೇಳಿದರೆ ಉರಿಯುತ್ತಿತ್ತೋ ಅವಳನ್ನೇ ಕರೆದು ನಿಲ್ಲಿಸಬೇಕು ಅನ್ನಿಸಿತು ದಿವ್ಯಾಗೆ.

ಅವಳು ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದಳು. ಮೆಲ್ಲಗೆ, ಮೆಲ್ಲಗೆ. ಪಟ್ಟಿ ನೆಟ್ಟಗಾಯಿತು. ಕಡುಗೆಂಪು ಕರಗಿ ಕಿತ್ತಳೆಗೆಂಪು ಮರಳಿತು. ಎಲ್ಲೂ ಒಂದು ಬಿರುಕಿಲ್ಲ.

"ವಾಪಸ್ ಬಂತು," ಪಿಸುಗುಟ್ಟಿದಳು.

"ಬಂತು," ಎಂದ ವಿನೋದ. ಅವನು ನೋಡುತ್ತಿದ್ದದ್ದು ಕಂಪ್ಯೂಟರನ್ನಲ್ಲ.

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಅಮ್ಮ.

"ಮಗಾ, ಅವರಿಗೆ ಈಗ ಫೋನ್ ಮಾಡ್ತೆ. ಬೆಳಗ್ಗೆ ಬರ್ಲಿಕ್ಕೆ ಹೇಳ್ಲಾ, ಊಟಕ್ಕೇ ಹೇಳ್ಲಾ?"

"ಒಂಚೂರು ತಡಿ ಅಮ್ಮ." ದಿವ್ಯಾ ಫೋನನ್ನು ಎದೆಗೆ ಒತ್ತಿ ಹಿಡಿದಳು. "ಸಿಟ್ಟಿನಲ್ಲಿ ಅವರು ಬರ್ಲಿ ಅಂತ ಹೇಳಿಬಿಟ್ಟಿದ್ದೆ ಸರ್. ಈಗ ಅಮ್ಮ ಕೇಳ್ತಿದ್ದಾಳೆ. ಎಂತ ಹೇಳ್ಲಿ?"

ವಿನೋದನ ತುಟಿ ಅಲುಗಿತು. ಕತ್ತಲಲ್ಲಿ, ಕಿತ್ತಳೆಗೆಂಪು ಬೆಳಕಿನಲ್ಲಿ, ಅವನ ಬಲಗೈ ಮೆಲ್ಲಗೆ ಮೇಲೆದ್ದಿತು.

ಕೈ ಎತ್ತಿ ನಿಂತಿದ್ದ.

ದಿವ್ಯಾಳ ಕಣ್ಣು ಮತ್ತೆ ತುಂಬಿತು. ಅದರ ಅರ್ಥ ಈ ಪ್ರಪಂಚದಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಅಷ್ಟಕ್ಕೇ ಬಿಟ್ಟುಬಿಟ್ಟರೆ ಅವಳು ದಿವ್ಯಾ ಹೇಗಾದಾಳು?

"ಇದು ದೋಣಿ ಅಲ್ಲ," ಎಂದಳು. "ಬಾಯಿ ಬಿಟ್ಟು ಹೇಳು."

ಹೇಳು! ಅವಳಿಗೇ ಗಾಬರಿಯಾಯಿತು. ಎರಡು ವರ್ಷದ 'ಸರ್' ಎಲ್ಲಿಗೆ ಓಡಿಹೋಯಿತೋ!

ವಿನೋದ ಎತ್ತಿದ ಕೈ ಇಳಿಸಲಿಲ್ಲ. "ನೀನು ಬೇಕು ನನಗೆ," ಎಂದ. "ಮೊದಲ ಪದರ ಸಿಕ್ಕ ದಿನದಿಂದ. ನೀನು ಕೈ ಎತ್ತಿದ್ದು ಪದರಕ್ಕೆ, ನಾನು ನಕ್ಕದ್ದು ನಿನ್ನನ್ನ ನೋಡಿ. ಭಾನುವಾರ ಬರೂದಿದ್ರೆ ನಾವು ಬರ್ತೆವು. ತದಡಿಯಿಂದ. ಅಪ್ಪ, ಅಮ್ಮ, ನಾನು."

ದಿವ್ಯಾ ಫೋನನ್ನು ಕಿವಿಗೆ ಹಿಡಿದಳು. "ಅಮ್ಮ... ಭಟ್ಕಳದವರಿಗೆ ಬೇಡ ಅಂತ ಹೇಳಿಬಿಡು. ಊಟಕ್ಕೆ ತದಡಿಯವರು ಬರ್ತಾರೆ."

"ತದಡಿಯವರಾ? ಯಾರೇ ಅವರು? ಪಕ್ಕದಲ್ಲಿ ಈಗ ಮಾತಾಡಿದ್ದು ಯಾರು?"

"ಮನೆಗೆ ಬಂದು ಹೇಳ್ತೆ ಅಮ್ಮ."

ಫೋನ್ ಇಟ್ಟಳು. ಮೇಲೆತ್ತಿಯೇ ಇದ್ದ ಅವನ ಕೈಯನ್ನು ತಾನೇ ಹಿಡಿದು ಇಳಿಸಿದಳು. ಇಳಿಸಿದ ಮೇಲೆ ಬಿಡಲಿಲ್ಲ.

"ಇಷ್ಟು ಹೇಳ್ಲಿಕ್ಕೆ ಎರಡು ವರ್ಷ ಬೇಕಿತ್ತಾ ನಿಂಗೆ?"

"ಕೂಗಿದ್ರೆ ಮೀನು ಓಡಿಹೋಗ್ತದೆ ಅಂತ ಅಪ್ಪ ಕಲಿಸಿದ್ದ."

ದಿವ್ಯಾ ಅವನ ಭುಜಕ್ಕೆ ಹಣೆ ತಾಗಿಸಿದಳು.

"ಓಡ್ಲಿಲ್ಲ ನೋಡು," ಎಂದಳು.